ಕರಿಗುಡ್ಡದ ಚಪ್ಪಲಿ

ಸಿದ್ದೀಕಾಳ ಅಪ್ಪ ಕುಂಟ. ಆ ಕುಂಟ ಓಡಿಹೋದ ಎಂದು ಒಂದಿಡೀ ಊರು ಮೂವತ್ತಾರು ವರ್ಷ ನಂಬಿಕೊಂಡು ಕೂತಿತ್ತು. ಎಡಗಾಲು ಎಳೆದುಕೊಂಡು ನಡೆಯುವವನು ಅದು ಹೇಗೆ ಓಡಿದ ಎಂದು ಒಬ್ಬರೂ ಕೇಳಲಿಲ್ಲ. ಹೆಂಡತಿ ಮಾಬೂಬೀಯೂ ಕೇಳಲಿಲ್ಲ. ಅವಳ ಸೊಂಟದ ಮೇಲಿದ್ದ ಕೂಸು ಸಿದ್ದೀಕಾಗಂತೂ ಆಗ ಕೇಳುವುದಕ್ಕೆ ಮಾತೇ ಬಂದಿರಲಿಲ್ಲ.

ಮಾಬೂಬೀ ಆ ಕೂಸನ್ನು ಕಟ್ಟಿಕೊಂಡು ಕರಿಗುಡ್ಡದ ಗಣಿಯಿಂದ ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಯೊಂದರಲ್ಲಿ ಕೂಲಿಗೆ ನಿಂತಳು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಅರಳಿಸುವ ಕೆಲಸ. ಹೊಗೆಗೆ ಕಣ್ಣು ಕೆಂಪಾದವು, ಮೊಣಕೈವರೆಗೆ ಕೂದಲು ಸುಟ್ಟುಹೋಯಿತು, ಆದರೂ ಹಲ್ಲು ಕಚ್ಚಿ ದುಡಿದು ಕೊನೆಗೆ ಸ್ವಂತದ್ದೊಂದು ಭಟ್ಟಿ ಮಾಡಿಕೊಂಡಳು. ಗಂಡನ ಹೆಸರು ಅವಳ ಬಾಯಲ್ಲಿ ಬರುತ್ತಿದ್ದದ್ದು ಮನೆಯೊಳಗೆ, ಮಗಳ ಮುಂದೆ, ಬೈಗುಳದ ಜೊತೆಗೆ ಮಾತ್ರ. ಅವನು ಸತ್ತಿದ್ದರೆ ಗಂಡ ಸತ್ತವರು ಹಿಡಿಯುವ ಇದ್ದತ್ತು ಕೂತು, ನಾಲ್ಕು ಜನ ಹೆಂಗಸರ ನಡುವೆ ಅತ್ತು ಹಗುರಾಗಬಹುದಿತ್ತು. ತಲಾಖ್ ಕೊಟ್ಟಿದ್ದರೆ ಇನ್ನೊಂದು ಮನೆ ಕಟ್ಟಿಕೊಳ್ಳಬಹುದಿತ್ತು. ಅವಳಿಗೆ ಅದೂ ಇಲ್ಲ, ಇದೂ ಇಲ್ಲ. ಓಡಿಹೋದವನ ಹೆಂಡತಿ ಎಂಬ, ಯಾರಿಗೂ ಹೇಳಲಾಗದ ಹೆಸರೊಂದು ಉಳಿದಿತ್ತು. ಸಾಯುವಾಗಲೂ ಅವಳು ಹೇಳಿದ್ದು ಅದನ್ನೇ: "ಆ ಕುಂಟ ಎಲ್ಲಿದ್ರೂ ಹುಳ ಬಿದ್ದು ಸಾಯ್ಲಿ."

ಸಿದ್ದೀಕಾ ಆ ಶಾಪಕ್ಕೆ ಆಮೀನ್ ಅಂದಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಅವಳ ಹೊಟ್ಟೆಯಲ್ಲಿ ಬೆಂಕಿ ಹಾಕಿದ್ದು ಆ ಒಂದು ಮಾತೇ.

ಸಿದ್ದೀಕಾಗೆ ಮದುವೆಯಾಗಿ, ಗಂಡನೂ ತೀರಿಕೊಂಡ ಮೇಲೆ ಭಟ್ಟಿಯ ಹೊಣೆ ಪೂರ್ತಿ ಅವಳ ಮೇಲೆ ಬಿತ್ತು. ಇದ್ದವಳು ಒಬ್ಬಳೇ ಮಗಳು, ಮುಮ್ತಾಜ್. ಹುಡುಗಿ ಹೊಲಿಗೆ ಕಲಿತಿದ್ದಳು, ಬಾಯಿ ಸ್ವಲ್ಪ ಕಡಿಮೆ. ಹತ್ತಿರದ ಬಾತಿ ಊರಿನ ಮದುವೆಯೊಂದರಲ್ಲಿ ಹರಿಹರದ ಕುತುಬುದ್ದೀನ್ ಎಂಬ ಹುಡುಗ ಅವಳನ್ನು ನೋಡಿದ, ಅವಳೂ ಅವನನ್ನು ನೋಡಿದಳು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಮೇಲಾಗಿ ಮರದ ಡಿಪೋ ಮೌಲಾ ಸಾಬರ ಮೊಮ್ಮಗ. ಹರಿಹರದಲ್ಲಿ ಮೌಲಾ ಸಾಬ್ ಅಂದರೆ ಸಾಹುಕಾರರೂ ಎದ್ದು ನಿಲ್ಲುತ್ತಿದ್ದರು. ಮಸೀದಿಯ ಪಂಚರಲ್ಲಿ ಅವರ ಮಾತೇ ಕೊನೆಯ ಮಾತು. ಅಂಥವರೇ ಖುದ್ದಾಗಿ, ಮದುವೆ ಮಾತು ಹಚ್ಚುವ ಖತೀಜಾಬೀಯನ್ನು ಮುಂದಿಟ್ಟುಕೊಂಡು, ಹೆಣ್ಣು ನೋಡಲು ದಾವಣಗೆರೆಗೆ ಬಂದರು. ಸಿದ್ದೀಕಾಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮೌಲಾ ಸಾಬರು ಹಾಲು ಶಾವಿಗೆಯ ಸೀರ್ ಕುರ್ಮಾ ಎರಡು ಸಲ ಹಾಕಿಸಿಕೊಂಡರು. ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ತಟ್ಟೆಗೆ ಚಹಾ ಸುರಿದುಕೊಳ್ಳುತ್ತ, ಎಲ್ಲ ಬೀಗರೂ ಕೇಳುವಂತೆ ಕೇಳಿದರು.

"ನಿಮ್ಮ ಖಾನ್ದಾನ್ ಮೂಲ ಯಾವ ಕಡೇದಮ್ಮ?"

"ಜಗಳೂರಿನಾಚೆ ಕರಿಗುಡ್ಡ ರೀ. ನಮ್ಮಪ್ಪ ಅಲ್ಲಿ ಗಣಿಯಾಗ ಇದ್ರು. ಮಕ್ತುಮ್ ಸಾಬ್ ಅಂತ. ನಾನು ಸಣ್ಣಾಕಿ ಇದ್ದಾಗ ತೀರಿಕೊಂಡ್ರು."

ಓಡಿಹೋದ ಎಂದು ಬೀಗರ ಮುಂದೆ ಯಾರು ಹೇಳುತ್ತಾರೆ? ಅವಳು ಸುಳ್ಳು ಹೇಳಿದ್ದಳು. ಅದೇ ನಿಜ ಎಂದು ಅವಳಿಗೆ ಗೊತ್ತಿರಲಿಲ್ಲ. ಮೌಲಾ ಸಾಬರು ತಟ್ಟೆಯನ್ನು ತುಟಿಯವರೆಗೆ ತಂದವರು ಕುಡಿಯದೆ ಕೆಳಗಿಟ್ಟರು. ಬಸ್ಸಿನ ಹೊತ್ತಾಯಿತೆಂದು ಎದ್ದುಬಿಟ್ಟರು.

ವಾರ ಕಳೆಯುವುದರೊಳಗೆ ಖತೀಜಾಬೀ ಮುಖ ಸಣ್ಣದು ಮಾಡಿಕೊಂಡು ಭಟ್ಟಿಗೆ ಬಂದಳು.

"ಸಿದ್ದೀಕಾ, ಸಿಟ್ಟಾಗಬ್ಯಾಡ. ಮೌಲಾ ಸಾಬ್ರು ಬ್ಯಾಡ ಅಂದ್ರು."

"ಯಾಕಂತೆ?"

"ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿಹೋದೋನ ರಕ್ತ ನಮ್ಮನಿಗೆ ಬ್ಯಾಡ ಅಂದ್ರಮ್ಮ. ನಾನೇನು ಮಾಡ್ಲಿ?"

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮುಮ್ತಾಜ್ ಕೇಳಿಸಿಕೊಂಡಿದ್ದಳು. ಸಿದ್ದೀಕಾಗೆ ಮುಖಕ್ಕೆ ಯಾರೋ ಕಾದ ಮರಳು ಎರಚಿದಂತಾಯಿತು. ಕೈಲಿದ್ದ ಜರಡಿ ಕೆಳಗಿಟ್ಟು, ಮಗಳ ಮುಖ ನೋಡಲಾರದೆ ಹೊರಗೆ ಬಂದು ನಿಂತಳು. ಅವಮಾನ ಇಳಿಯುವವರೆಗೆ ಬೇರೇನೂ ಹೊಳೆಯಲಿಲ್ಲ. ಇಳಿದ ಮೇಲೆ ಹೊಳೆಯಿತು. ತಿರುಗಿ ಒಳಗೆ ಬಂದು ಕೇಳಿದಳು.

"ಖಾಲಾ, ನಮ್ಮಪ್ಪ ಓಡಿಹೋಗ್ಯಾನೆ ಅಂತ ಅವ್ರಿಗೆ ನೀನು ಹೇಳಿದೇನು?"

"ನಂಗೇ ಗೊತ್ತಿಲ್ದಿದ್ದು ನಾ ಹೆಂಗೆ ಹೇಳ್ಲಿ? ತೀರಿಕೊಂಡ್ರು ಅಂತ ನೀನೇ ಅಂದಿ. ನಾನೂ ಹಂಗೇ ತಿಳ್ಕೊಂಡಿದ್ದೆ."

"ಮತ್ತೆ ಆ ಮುದುಕ ಹೆಂಗೆ ತಿಳ್ಕೊಂಡ?"

ದಾವಣಗೆರೆಯಲ್ಲಿ ಆ ವಿಷಯ ತಿಳಿದವರು ಯಾರೂ ಇರಲಿಲ್ಲ. ಮಾಬೂಬೀ ಅದನ್ನು ತನ್ನ ಜೊತೆಗೇ ಗೋರಿಗೆ ಒಯ್ದಿದ್ದಳು. ತಿಳಿದಿರಬಹುದಾದ್ದು ಕರಿಗುಡ್ಡದವರಿಗೆ ಮಾತ್ರ. ಹಾಗಾದರೆ ಹರಿಹರದ ಈ ದೊಡ್ಡ ಮನುಷ್ಯ ಒಂದು ಕಾಲಕ್ಕೆ ಕರಿಗುಡ್ಡದವನು. ಅಪ್ಪನನ್ನು ಬಲ್ಲವನು. ಬಲ್ಲವನಾದರೆ ಅಯ್ಯೋ, ನಾನೂ ಅಲ್ಲಿದ್ದೆ ಎಂದು ಹೇಳಬೇಕಿತ್ತಲ್ಲ, ಚಹಾ ಬಿಟ್ಟು ಯಾಕೆ ಎದ್ದ?

ರಂಜಾನಿಗೆ ಮುಂಚೆ ಒಂದು ದಿನ ಅವಳು ಭಟ್ಟಿಗೆ ಬೀಗ ಹಾಕಿ ಜಗಳೂರಿನ ಬಸ್ಸು ಹತ್ತಿದಳು. ಅಲ್ಲಿಂದ ಮುಂದೆ ಎತ್ತಿನ ಗಾಡಿ, ಗಾಡಿ ನಿಂತಲ್ಲಿಂದ ಕಾಲು ನಡಿಗೆ. ಕರಿಗುಡ್ಡದಿಂದ ತೆಗೆಯುತ್ತಿದ್ದದ್ದು ಮ್ಯಾಂಗನೀಸ್. ಕೂಲಿಯವರ ಬಾಯಲ್ಲಿ ಅದು ಬರೀ ಕರಿಕಲ್ಲು. ಯುದ್ಧದ ಕಾಲಕ್ಕೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂದು ಗುಡ್ಡದ ತುಂಬ ಜನವೋ ಜನ. ಯುದ್ಧ ಮುಗಿದು ಗಣಿ ಮುಚ್ಚಿದ ಮೇಲೆ ಎಲ್ಲರೂ ಹೊಟ್ಟೆ ಕರೆದ ಕಡೆ ಹೋಗಿದ್ದರು. ಉಳಿದಿದ್ದು ಹತ್ತಾರು ಮನೆ, ಬಿದ್ದುಹೋದ ಕೂಲಿ ಸಾಲು, ಮುಳ್ಳು ಹಬ್ಬಿದ ಸುರಂಗದ ಬಾಯಿ, ಅದರ ಪಕ್ಕ ಉಡಚಮ್ಮನ ಪುಟ್ಟ ಕಲ್ಲುಗುಡಿ. ಗುಡಿಯ ಮುಂದೆ ಕಸ ಹೊಡೆಯುತ್ತಿದ್ದ ಮುದುಕಿ ಬೆನ್ನು ನೆಟ್ಟಗೆ ಮಾಡಿ ಕೇಳಿದಳು.

"ಯಾರವ್ವ ನೀನು? ದಾರಿ ತಪ್ಪಿ ಬಂದಿಯೇನು?"

"ದಾರಿ ಹುಡುಕ್ಕೊಂಡು ಬಂದೀನಿ ಅಜ್ಜಿ. ನಾನು ಮಕ್ತುಮ್ ಸಾಬನ ಮಗಳು. ಡ್ರಿಲ್ ಹೊಡಿತಿದ್ನಂತಲ್ಲ, ಎಡಗಾಲು ಕುಂಟ."

ಮುದುಕಿ ಪೊರಕೆ ಕೆಳಗಿಟ್ಟಳು. ಹತ್ತಿರ ಬಂದು ಸಿದ್ದೀಕಾಳ ಗಲ್ಲ ಹಿಡಿದು ಮುಖ ಎತ್ತಿ ನೋಡಿದಳು. ಅವಳ ಹೆಸರು ಅಂಜಿನವ್ವ. ಅವಳ ಗಂಡ ಉಚ್ಚಂಗೆಪ್ಪ ಗಣಿಯವರಿಗೆ ಚಪ್ಪಲಿ ಹೊಲಿದುಕೊಡುತ್ತಿದ್ದ.

"ಮಾಬೂಬಿ ಮಗಳಾ? ಬಂದೆಯಾ ನನ್ನವ್ವ. ನೀನು ಬರೋಗಂಟ ಜೀವ ಹೋಗಬಾರ್ದು ಅಂತ ಈ ತಾಯಿ ನನ್ನ ಇಟ್ಟವ್ಳೆ," ಎಂದು ಅಂಜಿನವ್ವ ಗುಡಿಯ ಕಡೆ ಕೈ ಮಾಡಿದಳು. "ನಿಮ್ಮಪ್ಪ ಎಲ್ಲೂ ಓಡಿಹೋಗಿಲ್ಲ ಕಣವ್ವ. ಅಗೋ, ಅಲ್ಲೇ ಅವ್ನೆ."

ಅವಳು ತೋರಿಸಿದ್ದು ಮುಳ್ಳು ಹಬ್ಬಿದ ಸುರಂಗವನ್ನು.

ಕರಿಗುಡ್ಡದಲ್ಲಿ ಒಂದು ಕಟ್ಟಳೆಯಿತ್ತು. ಗುಡ್ಡದ ಹೊಟ್ಟೆ ಉಡಚಮ್ಮನ ಹೊಟ್ಟೆ ಎಂದು ಅವರ ನಂಬಿಕೆ. ಹಾಗಾಗಿ ಹಿಂದೂ ಇರಲಿ, ಸಾಬರಿರಲಿ, ಚಪ್ಪಲಿ ಹಾಕಿಕೊಂಡು ಯಾರೂ ಸುರಂಗಕ್ಕೆ ಇಳಿಯುತ್ತಿರಲಿಲ್ಲ. ಸುರಂಗದ ಬಾಯಲ್ಲಿ ಬಿಟ್ಟು ಒಳಗೆ ಹೋಗುವುದು, ಹೊರಗೆ ಬಂದು ಮೆಟ್ಟಿಕೊಳ್ಳುವುದು. ಸಂಜೆ ಒಂದು ಜೊತೆ ಚಪ್ಪಲಿ ಅಲ್ಲೇ ಉಳಿದರೂ ಒಬ್ಬ ಒಳಗಿದ್ದಾನೆ ಎಂದು ಅರ್ಥ, ಅವನು ಬರುವವರೆಗೆ ಮೇಸ್ತ್ರಿ ಜಾಗ ಬಿಟ್ಟು ಕದಲುವಂತಿಲ್ಲ. ಹೊರಗೆ ಚಪ್ಪಲಿ ಇಲ್ಲ ಅಂದರೆ ಒಳಗೆ ಮನುಷ್ಯನಿಲ್ಲ. ಅದನ್ನು ಅವರು ಕಣ್ಣಿಗಿಂತ ಹೆಚ್ಚು ನಂಬುತ್ತಿದ್ದರು. ಇನ್ನೊಂದು ಮಾತೂ ಇತ್ತು. ಸುರಂಗದ ಬಾಯಲ್ಲಿ ಬಿಟ್ಟ ಚಪ್ಪಲಿಯನ್ನು ಇನ್ನೊಬ್ಬರು ಮೆಟ್ಟಬಾರದು, ಎಸೆಯಬಾರದು, ಸುಡಬಾರದು. ಗಣಿಯಲ್ಲಿ ಸತ್ತವನದಾದರೆ ಉಡಚಮ್ಮನ ಗುಡಿಯಲ್ಲಿ ಇಡಬೇಕು. ಮುಟ್ಟುವುದಿದ್ದರೆ ಮೆಟ್ಟಿದವನು, ಇಲ್ಲವೇ ಅವನ ಮಕ್ಕಳು ಮೊಮ್ಮಕ್ಕಳು.

ಅಂಜಿನವ್ವ ಗುಡಿಯ ಕಟ್ಟೆಯ ಮೇಲೆ ಕೂತು ಹೇಳುತ್ತ ಹೋದಳು. ಆಗ ಮೇಸ್ತ್ರಿಯಾಗಿದ್ದವನು ಮೌಲಾ ಸಾಬ್, ಮಕ್ತುಮನ ದೋಸ್ತ. ಹೊಸ ಸುರಂಗಕ್ಕೆ ಆಸರೆ ಮರ ಸಾಲದೆ ಬಂದಾಗ ಹಳೇ ಸುರಂಗದ ಮರ ಕಿತ್ತು ತರಲು ಅವನೇ ಮಕ್ತುಮನನ್ನು ಕಳಿಸಿದ. ಹೊಸ ಮರ ತರಿಸಿದೆ ಎಂದು ಮಾಲೀಕನಿಂದ ದುಡ್ಡು ಹೊಡೆದಾಗಿತ್ತು. ಮರ ಕಿತ್ತ ಕೂಡಲೇ ಮೇಲಿನ ಗುಡ್ಡ ಕುಸಿಯಿತು. ಅಗೆದರೆ ಮನುಷ್ಯ ಸಿಗುತ್ತಿದ್ದ, ಮನುಷ್ಯನ ಜೊತೆಗೆ ಮೇಸ್ತ್ರಿಯ ಕಳ್ಳತನವೂ ಸಿಗುತ್ತಿತ್ತು. ಜನ ಓಡಿ ಬರುವುದರೊಳಗೆ ಸುರಂಗದ ಬಾಯಲ್ಲಿ ಚಪ್ಪಲಿ ಇರಲಿಲ್ಲ. ಮಕ್ತುಮ ಬೆಳಿಗ್ಗೆಯೇ ಯಾರೋ ಹೆಂಗಸಿನ ಜೊತೆ ಹೊಸಪೇಟೆ ದಾರಿ ಹಿಡಿದದ್ದನ್ನು ನೋಡಿದೆ ಎಂದ ಮೌಲಾ ಸಾಬ್.

"ಆಮೇಲೆ?" ಎಂದಳು ಸಿದ್ದೀಕಾ.

ಅಂಜಿನವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಮೇಲೆ ಸದ್ದು ಕೇಳ್ತು ಕಣವ್ವ. ಒಳಗಿಂದ. ಕಲ್ಲಿಗೆ ಕಬ್ಬಿಣ ಬಡಿದಂಗೆ. ಆವತ್ತು ಬಡೀತು, ಮಾರನೇ ದಿನವೂ ಬಡೀತು. ನಾವೆಲ್ಲಾ ಕೇಳಿದ್ವಿ."

"ಕೇಳಿ ಸುಮ್ನಿದ್ರಾ?"

"ಹೊರಗೆ ಮೆಟ್ಟು ಇಲ್ಲ, ಒಳಗೆ ಯಾವ ಮನುಷ್ಯ ಇರ್ತಾನೆ, ಇದು ಉಡಚಮ್ಮನೇ ಸಿಟ್ಟಾಗಿ ಕುಟ್ತಾಳೆ, ಹತ್ರ ಹೋದ್ರೆ ಇನ್ನೂ ಜೀವ ಬೇಡ್ತಾಳೆ ಅಂದ ಮೇಸ್ತ್ರಿ. ನಂಬಿದ್ವಿ. ಕಾಯಿ ಒಡೆಸಿದ್ವಿ. ಮೂರನೇ ದಿನ ಸದ್ದು ನಿಂತೋತು. ತಾಯಿ ತಣ್ಣಗಾದ್ಲು ಅಂತ ಕುರಿ ಕಡಿದು ಎಲ್ರೂ ಉಂಡ್ವಿ. ನಾನೂ ಉಂಡೆ. ನಿಮ್ಮವ್ವನಿಗೂ ಒಂದು ಪಾಲು ಕೊಟ್ವಿ."

ಸಿದ್ದೀಕಾ ಎದ್ದು ಸುರಂಗದ ಬಾಯಿಯವರೆಗೆ ಹೋದಳು. ಮುಳ್ಳನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ರಕ್ತ ಬಂದರೂ ಬಿಡಲಿಲ್ಲ. ಅಳು ಬರಲಿಲ್ಲ. ಬಂದದ್ದು ಸಿಟ್ಟು. ಅಪ್ಪ ಒಳಗೆ ಕಲ್ಲು ಬಡಿಯುತ್ತಿದ್ದಾಗ ಹೊರಗೆ ಅಮ್ಮ ಅವನ ಹೆಸರಿಗೆ ಉಗಿಯುತ್ತಿದ್ದಳು, ಬದುಕಿಡೀ ಉಗಿದಳು, ತಾನು ಆಮೀನ್ ಅಂದೆ. ಅದನ್ನು ಮಾಡಿಸಿದವನು ಹರಿಹರದಲ್ಲಿ ಮರದ ಡಿಪೋ ಇಟ್ಟುಕೊಂಡು ದೊಡ್ಡ ಮನುಷ್ಯನಾಗಿ, ತನ್ನ ಮನೆಯಲ್ಲಿ ಕೂತು ಸೀರ್ ಕುರ್ಮಾ ಎರಡು ಸಲ ಹಾಕಿಸಿಕೊಂಡು ತಿಂದ.

"ಮೌಲಾ ಸಾಬನೇ ಚಪ್ಪಲಿ ತೆಗೆದ ಅಂತ ನಿನಗೆ ಹೆಂಗೆ ಗೊತ್ತು ಅಜ್ಜಿ?"

"ಗುಡಿ ಕಡೆ ಎಂದೂ ಹೊರಳಿ ನೋಡದ ಸಾಬ, ಕುರಿ ಕಡಿದ ಸಂಜೆ ಕಂಕುಳಾಗೆ ಗಂಟು ಇಟ್ಕೊಂಡು ಒಳಗೆ ಹೋಗಿದ್ದ. ಕಣ್ಣಾರೆ ಕಂಡೆ. ಸುಡೋಕೂ ಹೆದರಿಕೆ, ಎಸೆಯೋಕೂ ಹೆದರಿಕೆ. ಅವನೂ ಗುಡ್ಡದ ಅನ್ನ ತಿಂದೋನಲ್ವಾ? ದಿನ ಕಳೆದ ಮೇಲೆ ನಾನು ಕಸ ಹೊಡೆಯುವಾಗ ಅದು ಸಿಕ್ತು. ನೋಡಿದ ಕೂಡ್ಲೇ ತಿಳೀತು. ನನ್ನ ಗಂಡನೇ ಹೊಲಿದಿದ್ದ. ಅಷ್ಟೊತ್ತಿಗೆ ನಿಮ್ಮವ್ವ ಊರು ಬಿಟ್ಟಿದ್ಲು. ನನ್ನ ಗಂಡ, ಬಾಯಿ ಬಿಟ್ರೆ ಹೂತುಬಿಡ್ತೀನಿ ಅಂದ. ಮೇಸ್ತ್ರಿ ಕಂಡ್ರೆ ಅಷ್ಟು ಹೆದರಿಕೆ."

ಅವಳು ಗುಡಿಯೊಳಗೆ ಬಗ್ಗಿ, ದೇವರ ಹಿಂದಿನ ಗೂಡನ್ನು ತೋರಿಸಿದಳು. ಹಳೇ ಚಪ್ಪಲಿಗಳ ರಾಶಿಯಲ್ಲಿ ಒಂದು ಜೊತೆ ಬೇರೆಯಾಗಿ ಕಾಣುತ್ತಿತ್ತು. ಒಣಗಿ ಕಟ್ಟಿಗೆಯಂತಾಗಿದ್ದರೂ ಆಕಾರ ಕೆಟ್ಟಿರಲಿಲ್ಲ. ಬಲಗಾಲಿನದು ಎಲ್ಲರದರಂತೆ ಇತ್ತು. ಎಡಗಾಲಿನದಕ್ಕೆ ಅಟ್ಟೆಯ ಮೇಲೆ ಅಟ್ಟೆ ಕೂರಿಸಿ ದಪ್ಪ ಮಾಡಿತ್ತು, ಗಿಡ್ಡ ಕಾಲು ಸರಿಯಾಗಿ ನಿಲ್ಲಲಿ ಎಂದು.

"ತಗೋ. ನೀನು ಮುಟ್ಟಬೋದು," ಎಂದಳು ಅಂಜಿನವ್ವ.

ಸಿದ್ದೀಕಾ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಕೈಯಲ್ಲಿ ಹಿಡಿಯುವಷ್ಟು ಅಪ್ಪ ಅವಳಿಗೆ ಸಿಕ್ಕಿದ್ದು ಅದೇ ಮೊದಲು.

ದಾವಣಗೆರೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದಳು. ಮುಮ್ತಾಜ್ ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸಿದಳು. ಅವಳ ಮನಸ್ಸಿನಲ್ಲಿ ಇನ್ನೂ ಆ ಹುಡುಗನಿದ್ದಾನೆಯೇ ಎಂದು ಕೇಳುವ ಧೈರ್ಯ ಸಿದ್ದೀಕಾಗೆ ಆಗಲಿಲ್ಲ. ಮರದ ಡಿಪೋಗೆ ಒಂದು ಬೆಂಕಿ ಕಡ್ಡಿ ಸಾಕು ಎಂದು ಎಷ್ಟೋ ಸಲ ಅಂದುಕೊಂಡಳು. ಭಟ್ಟಿಯವಳಿಗೆ ಬೆಂಕಿ ಹಚ್ಚುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮರ ಸುಟ್ಟರೆ ಮುದುಕನಿಗೆ ನಾಲ್ಕು ಜನ ಅಯ್ಯೋ ಅನ್ನುತ್ತಾರೆ. ಅದು ಅವಳಿಗೆ ಬೇಕಿರಲಿಲ್ಲ. ಅವನಿಗಾಗಿ ಒಬ್ಬರೂ ಅಯ್ಯೋ ಅನ್ನಬಾರದು.

ದಾರಿಯನ್ನು ಮೌಲಾ ಸಾಬರೇ ತೋರಿಸಿಕೊಟ್ಟರು. ರಂಜಾನ್ ಹಬ್ಬ ಮುಗಿಯುತ್ತಿದ್ದಂತೆ ಅವರು ಹಜ್ಜಿಗೆ ಹೊರಟ ಸುದ್ದಿ ಬಂತು. ಮುಂಬಯಿಯಿಂದ ಹಡಗು. ಹಜ್ಜಿಗೆ ಹೋಗುವವರು ಹೊರಡುವ ಮುಂಚೆ ಮನೆಮನೆಗೆ ಹೋಗಿ ಆಡಿದ್ದು ಮಾಡಿದ್ದಕ್ಕೆಲ್ಲ ಮಾಫಿ ಕೇಳಿಕೊಳ್ಳುವುದು ರೂಢಿ. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸಿಯಾನು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು. ಬಿಡದಿದ್ದರೆ ಹೋದ ಯಾತ್ರೆ ಹೋದಂತಲ್ಲ ಎಂದು ಅವರು ನಂಬುತ್ತಾರೆ. ಮೌಲಾ ಸಾಬರು ದಾವಣಗೆರೆಗೂ ಬಂದರು, ಭಟ್ಟಿಗಳ ಓಣಿಗೂ ಬಂದರು. ಎಡಗಡೆಯ ಭಟ್ಟಿಯಲ್ಲಿ ಕೇಳಿದರು, ಬಲಗಡೆಯ ಭಟ್ಟಿಯಲ್ಲಿ ಕೇಳಿದರು. ಸಿದ್ದೀಕಾ ಬಾಗಿಲಲ್ಲೇ ನಿಂತಿದ್ದಳು. ಅವರು ಅವಳ ಬಾಗಿಲನ್ನು ಮಾತ್ರ ತಲೆ ತಗ್ಗಿಸಿ ದಾಟಿಹೋದರು.

"ನೋಡಿದೇನು ಅಮ್ಮಾ?" ಎಂದಳು ಮುಮ್ತಾಜ್.

"ನೋಡಿದೆ," ಎಂದಳು ಸಿದ್ದೀಕಾ. "ಅವ್ರು ಬರ್ದಿದ್ರೆ ಏನಾತು, ನಾವೇ ಹೋಗೋಣ."

ಹೊರಡುವ ದಿನ ಹರಿಹರದ ಮನೆಯ ಮುಂದೆ ಚಪ್ಪರ ಹಾಕಿಸಿದ್ದರು. ಬಿರಿಯಾನಿಯ ದೊಡ್ಡ ದೊಡ್ಡ ದೇಗ್, ಗುಲಾಬಿ ಹಾರ, ಸ್ಟೇಷನ್ನಿಗೆ ಒಯ್ಯಲು ಜಟಕಾ. ಸಾಬರಷ್ಟೇ ಅಲ್ಲ, ಅಕ್ಕಪಕ್ಕದ ಲಿಂಗಾಯತರು, ಕುರುಬರು, ಡಿಪೋದ ಹಮಾಲರು, ಎಲ್ಲರೂ ಬಂದಿದ್ದರು. ಬಾಗಿಲ ಬಳಿ ಚಪ್ಪಲಿಗಳ ರಾಶಿಯೇ ಬಿದ್ದಿತ್ತು. ಮೌಲಾ ಸಾಬರು ಬಿಳಿ ಬಟ್ಟೆ ಹಾಕಿ, ಕೊರಳ ತುಂಬ ಹಾರ ಹಾಕಿಸಿಕೊಂಡು ಹೊಸ್ತಿಲ ಒಳಗೆ ನಿಂತಿದ್ದರು. ಪಕ್ಕದಲ್ಲಿ ಕುತುಬುದ್ದೀನ್. ಮುದುಕರು ಎರಡೂ ಕೈ ಜೋಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ತಿಳಿದೋ ತಿಳೀದೆಯೋ ಯಾರಿಗಾದ್ರೂ ನೋವು ಮಾಡಿದ್ರೆ ದೇವರ ಸಲುವಾಗಿ ಮಾಫ್ ಮಾಡ್ರಪ್ಪ."

"ಮಾಫ್! ಮಾಫ್!" ಎಂದಿತು ಚಪ್ಪರ. ನಿಮ್ಮಂಥೋರು ಏನು ತಪ್ಪು ಮಾಡ್ತೀರಿ ಬಿಡ್ರಿ ಎಂದು ಯಾರೋ ಮುಂದಿನಿಂದ ಅಂದರು. ನಕ್ಕರು ಕೂಡ.

"ನಾ ಮಾಡಂಗಿಲ್ಲ."

ಸಿದ್ದೀಕಾ ಹೆಂಗಸರ ಸಾಲಿನಿಂದ ಎದ್ದು ಗಂಡಸರ ನಡುವೆ ನಡೆದು ಬಂದಿದ್ದಳು, ಹಿಂದೆಯೇ ಮುಮ್ತಾಜ್. ಮನೆಯೊಳಗೆ ಅವರ ಮಾತು ಉರ್ದು. ಆದರೆ ಅವಳು ಬೇಕೆಂದೇ ಕನ್ನಡದಲ್ಲಿ ಹೇಳಿದಳು, ಒಬ್ಬನಿಗೂ ತಿಳಿಯದೆ ಹೋಗಬಾರದು ಎಂದು.

"ಮೌಲಾ ಸಾಬ್ರೆ, ಓಣಿ ತುಂಬ ಮಾಫಿ ಕೇಳಿದ್ರಿ, ನನ್ನ ಬಾಗ್ಲು ಬಿಟ್ರಿ. ಯಾಕ ಅಂತ ಈ ಜನಕ್ಕೆ ಹೇಳ್ರಿ."

ಮುದುಕರ ಜೋಡಿಸಿದ ಕೈ ಹಾಗೇ ನಿಂತವು. ಜನ ಗುಸುಗುಸು ಶುರುಮಾಡಿದರು. ಮೌಲಾ ಸಾಬರು ಅನುಭವಸ್ಥರು, ಎಲ್ಲಿ ಏನು ಕೊಟ್ಟರೆ ಬಾಯಿ ಮುಚ್ಚುತ್ತದೆ ಎಂದು ಬಲ್ಲವರು. ಮುಖದ ಮೇಲೆ ನಗು ತಂದುಕೊಂಡರು.

"ತಪ್ಪಾತು ಬೇಟಿ. ನಿಮ್ಮ ಸಂಬಂಧ ಬ್ಯಾಡ ಅಂದಿದ್ದು ನನ್ನ ತಪ್ಪು. ಎಲ್ಲರ ಮುಂದೆ ಹೇಳ್ತೀನಿ, ಮುಮ್ತಾಜ್ ಈ ಮನಿ ಸೊಸಿ. ನಾನು ಹಜ್ ಮುಗಿಸಿ ಬಂದ ಕೂಡ್ಲೇ ನಿಕಾ. ಆತೇನಮ್ಮ? ಈಗ ನಗ್ತಾ ಮಾಫ್ ಮಾಡು."

ಚಪ್ಪರದಲ್ಲಿ ಒಳ್ಳೇ ಮಾತು, ಒಳ್ಳೇ ಮಾತು ಎಂದರು. ಕುತುಬುದ್ದೀನನ ಮುಖ ಅರಳಿತು. ಅವನಿಗೇನು ಗೊತ್ತು ಪಾಪ. ಸಿದ್ದೀಕಾ ಆ ಹುಡುಗನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಬೆಂಕಿಯ ಮುಂದೆ ಮಗಳ ಬದುಕು ಸವೆಯಬಾರದು ಎಂದು ಎಷ್ಟು ದುವಾ ಮಾಡಿದ್ದಳು! ಒಂದು ಮಾತು ಅಂದುಬಿಟ್ಟರೆ ಮಗಳಿಗೆ ಮೆಚ್ಚಿದ ಗಂಡ, ದೊಡ್ಡ ಮನೆ. ಸತ್ತವನು ಹೇಗೂ ಸತ್ತಿದ್ದಾನೆ. ಅಪ್ಪನ ಚಪ್ಪಲಿ ಹಾಕಿ ತಂದಿದ್ದ ಚೀಲ ಅವಳ ಕೈಯಿಂದ ಜಾರಿತು.

ಅದನ್ನು ಹಿಡಿದವಳು ಮುಮ್ತಾಜ್. ಬಾಯಿ ಕಡಿಮೆಯ ಆ ಹುಡುಗಿ ಚೀಲದಿಂದ ಚಪ್ಪಲಿ ತೆಗೆದು, ಮುಂದೆ ಹೋಗಿ, ಹೊಸ್ತಿಲ ಹೊರಗೆ, ಮೌಲಾ ಸಾಬರ ಕಾಲಿನ ನೇರಕ್ಕೆ ಇಟ್ಟಳು. ಸುರಂಗದ ಬಾಯಲ್ಲಿ ಬಿಡುವಂತೆ ತುದಿ ಒಳಮುಖವಾಗಿ, ಜೊತೆಜೊತೆಯಾಗಿ. ಎಡಗಾಲಿನದು ದಪ್ಪ, ಬಲಗಾಲಿನದು ತೆಳ್ಳಗೆ.

ಮೌಲಾ ಸಾಬರು ನೋಡಿದರು. ನೋಡಿದವರೇ ಗೋಡೆ ಹಿಡಿದುಕೊಂಡು ಹೊಸ್ತಿಲ ಒಳಗೇ ಕುಸಿದು ಕೂತರು. ಕೊರಳ ಹಾರಗಳು ಮಡಿಲಲ್ಲಿ ಬಿದ್ದವು.

"ಯಾರದು ಅಂತ ಗುರ್ತು ಸಿಕ್ತಲ್ಲ?" ಎಂದಳು ಸಿದ್ದೀಕಾ. ಈಗ ಅವಳ ದನಿಗೆ ಬಲ ಬಂದಿತ್ತು. ಕರಿಗುಡ್ಡದ್ದನ್ನೆಲ್ಲ ಒಂದೊಂದಾಗಿ ಹೇಳಿದಳು, ಕಿತ್ತ ಮರ, ಕುಸಿದ ಗುಡ್ಡ, ಬಚ್ಚಿಟ್ಟ ಚಪ್ಪಲಿ, ಹೊಸಪೇಟೆಯ ಸುಳ್ಳು. ಜನ ಬಿರಿಯಾನಿ ಮರೆತರು. ಪಕ್ಕದ ಮನೆಯ ಪಂಚಾಕ್ಷರಪ್ಪ, ಮುದುಕರ ಎಷ್ಟೋ ವರ್ಷದ ಗೆಳೆಯರು, ಮುಂದೆ ಬಂದು ಕೇಳಿದರು.

"ಇದು ಖರೇನೇನ್ರಿ ಮೌಲಾ ಸಾಬ್ರೆ?"

ಸಿದ್ದೀಕಾ ಬಗ್ಗಿ ಕೇಳಿದಳು. "ದೇವಿ ಕುಟ್ತಾಳೆ ಅಂದ್ರಿ. ಯಾರು ಬಡೀತಿದ್ರು ಅಂತ ನಿಮಗೆ ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು," ಎಂದರು ಮುದುಕರು. ದನಿ ಅವರದೇ ಅಲ್ಲವೆಂಬಂತೆ ಇತ್ತು. "ಈಗ್ಲೂ ಕೇಳ್ತೈತೆ. ಡಿಪೋದಾಗೆ ಮರಕ್ಕೆ ಕೊಡ್ಲಿ ಬಿದ್ರೆ ಕೇಳ್ತೈತೆ. ಮಾಫ್ ಮಾಡು ಬೇಟಿ. ನಿನ್ನ ಕಾಲಿಗೆ ಬೀಳ್ತೀನಿ. ಮಾಫಿ ಇಲ್ದೆ ನಾನು ಅಲ್ಲಾನ ಮನಿ ಬಾಗ್ಲಿಗೆ ಹೆಂಗೆ ಹೋಗ್ಲಿ?"

ಅವಳಿಗೆ ಕನಿಕರ ಬರಬಹುದಿತ್ತು. ಬರಲಿಲ್ಲ. ಬರಲಿಲ್ಲವೆಂದು ಅವಳಿಗೆ ನಾಚಿಕೆಯೂ ಆಗಲಿಲ್ಲ.

"ನಂದು ಇರ್ಲಿ ಬಿಡ್ರಿ. ನಮ್ಮಮ್ಮನ ಮಾಫಿ ನಾನು ಹೆಂಗೆ ಕೊಡ್ಲಿ? ಗಂಡನಿಗೆ ಶಾಪ ಹಾಕ್ಕೊಂತ ಸತ್ಲು. ನಮ್ಮಪ್ಪನ ಮಾಫಿ ನಾನು ಹೆಂಗೆ ಕೊಡ್ಲಿ? ಬಡಿದು ಬಡಿದು ಸತ್ತ. ಅವ್ರನ್ನ ಕೇಳ್ಕೊಂಡು ಬರ್ರಿ. ಅವ್ರು ಕೊಟ್ರೆ ನಾನೂ ಕೊಟ್ಟೆ."

ಮಗಳ ಕೈ ಹಿಡಿದು ಚಪ್ಪರ ದಾಟಿದಳು. ಜನ ಒಬ್ಬೊಬ್ಬರಾಗಿ ಎದ್ದರು. ಯಾರೂ ಹೋಗಿ ಬರ್ತೀವಿ ಎನ್ನಲಿಲ್ಲ. ಬಾಗಿಲ ಬಳಿ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ನಡೆದರು. ಪಂಚಾಕ್ಷರಪ್ಪನವರೂ ನಡೆದರು. ಕೊನೆಗೆ ಅಲ್ಲಿ ಒಂದೇ ಒಂದು ಜೊತೆ ಉಳಿಯಿತು. ಜಟಕಾದವನು ರೈಲಿನ ಹೊತ್ತಾಯಿತೆಂದು ಕೂಗಿದ. ಮೌಲಾ ಸಾಬರು ಎದ್ದು ಹೊಸ್ತಿಲವರೆಗೆ ಬಂದರು, ಚಪ್ಪಲಿ ನೋಡಿದರು, ಹಿಂದಕ್ಕೆ ಸರಿದರು. ಹುಬ್ಬಳ್ಳಿ ಕಡೆಯ ರೈಲು ಅವರನ್ನು ಬಿಟ್ಟು ಹೋಯಿತು.

ಹಜ್ಜಿನ ದಿನಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕುತುಬುದ್ದೀನ್ ಭಟ್ಟಿಗೆ ಬಂದ. ಇಳಿದುಹೋಗಿದ್ದ. ಸ್ಟೂಲು ಕೊಟ್ಟರೂ ಕೂರಲಿಲ್ಲ. ಒಳಗೆ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಮುಮ್ತಾಜಳ ಕಡೆ ಕಣ್ಣೆತ್ತಲೂ ಇಲ್ಲ.

"ದಾದಾ ಹೊಸ್ತಿಲು ದಾಟ್ತಿಲ್ಲ ಚಾಚಿ. ಆ ಚಪ್ಪಲಿ ತೆಗೀತೀವಿ ಅಂದ್ರೆ ಮುಟ್ಟೋಕೆ ಬಿಡಲ್ಲ. ನಾವೆಲ್ಲ ಹಿತ್ತಲ ಬಾಗ್ಲಿಂದ ಓಡಾಡ್ತೀವಿ. ದಿನಾ ಸಂಜೆ ಆದ್ರೆ, ಅವನು ಹೊರಗೆ ಬಂದ್ನಾ ನೋಡ್ರೋ ಅಂತ ಕೇಳ್ತಾರೆ. ನಿಮ್ಮನೆಯೋರೇ ಅದನ್ನ ಎತ್ತಬೇಕಂತೆ. ಬಂದು ಎತ್ತಿಬಿಡ್ರಿ. ಸಾಯೋ ಮುದುಕ."

ಸಿದ್ದೀಕಾ ಮಗಳತ್ತ ನೋಡಿದಳು. ಮುಮ್ತಾಜ್ ತಲೆಯೆತ್ತಿ ಅಮ್ಮನನ್ನೂ ಆ ಹುಡುಗನನ್ನೂ ಒಂದು ಸಲ ನೋಡಿ, ಮತ್ತೆ ಜರಡಿ ಆಡಿಸತೊಡಗಿದಳು.

"ಎತ್ತೋ ಹಕ್ಕು ನನಗೈತಪ್ಪ," ಎಂದಳು ಸಿದ್ದೀಕಾ. "ಆದ್ರೆ ಹೊರಗೆ ಚಪ್ಪಲಿ ಐತೆ ಅಂದ್ರೆ ನಮ್ಮಪ್ಪ ಇನ್ನೂ ಒಳಗದಾನೆ ಅಂತ. ಕರಿಗುಡ್ಡದ ಕಟ್ಟಳೆ, ನಿಮ್ಮ ದಾದಾನ್ನ ಕೇಳು, ಹೇಳ್ತಾರೆ. ನಿಮ್ಮ ಡಿಪೋದಾಗೆ ಮರಕ್ಕೇನು ಕಮ್ಮಿ, ಆ ಸುರಂಗಕ್ಕೆ ಆಸರೆ ಕೊಟ್ಟು ಅಗೆಸ್ರಿ. ಅವನು ಹೊರಗೆ ಬಂದ ದಿನ ಹೇಳಿ ಕಳ್ಸು, ಬಂದು ಎತ್ತತೀನಿ."

ಹುಡುಗ ಇನ್ನೂ ನಿಂತೇ ಇದ್ದ. ಅವಳು ಬೆನ್ನು ತಿರುಗಿಸಿ ಭಟ್ಟಿಯ ಬಾಯಿಗೆ ಹೊಟ್ಟು ಸುರಿದಳು.